ಮೂರು ವರ್ಷದ ಪದವಿಯಲ್ಲೇ ಆನರ್ಸ್ ಮಟ್ಟದ ಕಲಿಕೆ: ಪದವಿ ಕಾಲೇಜಿನ ಅಧ್ಯಾಪಕರಿಗೊಂದು ಮಾರ್ಗದರ್ಶಿ

ಕರ್ನಾಟಕದ ಪದವಿ ಕಾಲೇಜುಗಳಿಗೆ ‘ಆನರ್ಸ್’ ಎಂಬ ಮಾತು ಬಂದಷ್ಟೇ ಬೇಗ ಹಿಂದಕ್ಕೂ ಸರಿಯಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದ ರಾಜ್ಯವೆಂಬ ಹೆಸರಿನೊಂದಿಗೆ ನಾವು 2021-22ನೇ ಸಾಲಿನಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಆರಂಭಿಸಿದೆವು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಹೊರಟ ಆದೇಶದಂತೆ 2024-25ನೇ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಈ ಹೋಗಿಬರುವಿಕೆಯಲ್ಲಿ ಚರ್ಚೆಯೆಲ್ಲ ವರ್ಷಗಳ ಲೆಕ್ಕದ ಸುತ್ತಲೇ ನಡೆಯಿತೇ ಹೊರತು, ಆನರ್ಸ್ ವಿದ್ಯಾರ್ಥಿಯು ತರಗತಿಯಲ್ಲಿ ನಿಜವಾಗಿ ಏನು ಮಾಡಬೇಕು, ಅಧ್ಯಾಪಕರು ಅದಕ್ಕೆ ಹೇಗೆ ಸಿದ್ಧರಾಗಬೇಕು ಎಂಬ ಮಾತು ಬಹುತೇಕ ಬದಿಗೆ ಸರಿಯಿತು. ನನ್ನ ಅಭಿಪ್ರಾಯದಲ್ಲಿ ಆನರ್ಸ್ ಎನ್ನುವುದು ಒಂದು ಹೆಚ್ಚುವರಿ ವರ್ಷವಲ್ಲ, ಅದು ಕೆಲಸದ ಒಂದು ಬಗೆ. ವಿದ್ಯಾರ್ಥಿ ತನ್ನದೇ ಆದ ಪ್ರಶ್ನೆಯೊಂದನ್ನು ಹಿಡಿದು, ಗುರುವೊಬ್ಬರ ಕಣ್ಣಳತೆಯಲ್ಲಿ, ಅದಕ್ಕೆ ತಾನೇ ಸಂಗ್ರಹಿಸಿದ ಆಧಾರಗಳಿಂದ ಉತ್ತರ ಹುಡುಕುವ ಬಗೆ. ಆ ಕೆಲಸವನ್ನು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ, ಮೂರು ವರ್ಷದ ಪದವಿಯ ಚೌಕಟ್ಟಿನೊಳಗೇ ಮಾಡಬಹುದು.

ಈ ಮಾತು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಹಳೆಯ ಮೈಸೂರು ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ ಆನರ್ಸ್ ತರಗತಿಗಳಿದ್ದವು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಮಾಜ ತತ್ತ್ವಶಾಸ್ತ್ರದ ಆನರ್ಸ್ ಓದಿ 1936ರಲ್ಲಿ ಪದವಿ ಪಡೆದವರು. ಮುಂದೆ ಮುಂಬಯಿಗೆ ಹೋಗಿ ಅವರು ಕೈಗೆತ್ತಿಕೊಂಡ ಮೊದಲ ಸಂಶೋಧನೆಯ ವಿಷಯವೂ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವೇ ಆಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಸ್ವಾರ್ಥ್‌ಮೋರ್ ಎಂಬ ಸಣ್ಣ ಕಾಲೇಜಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದಿದ್ದ ಅಧ್ಯಕ್ಷ ಫ್ರಾಂಕ್ ಐಡೆಲಾಟ್ 1922ರಲ್ಲಿ ಆರಂಭಿಸಿದ ಆನರ್ಸ್ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಕೊನೆಯ ಎರಡು ವರ್ಷ ಮಾಮೂಲಿ ತರಗತಿಗಳ ಬದಲು ಚಿಕ್ಕ ಗುಂಪುಗಳ ವಿಚಾರಗೋಷ್ಠಿಯಲ್ಲಿ ಕುಳಿತು ಕಲಿತರು, ಮತ್ತು ಅವರನ್ನು ಹೊರಗಿನ ಪರೀಕ್ಷಕರು ಬಂದು ಪರೀಕ್ಷಿಸಿದರು. ಈ ಎರಡು ಅಂಶಗಳನ್ನು, ಅಂದರೆ ಚಿಕ್ಕ ಗುಂಪನ್ನೂ ಹೊರಗಿನ ಪರೀಕ್ಷಕರನ್ನೂ, ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಅವು ಮತ್ತೆ ಬರುತ್ತವೆ.

ಮೊದಲ ಹೆಜ್ಜೆ: ನಿಮ್ಮದೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ

ಸೆಮಿಸ್ಟರ್ ಆರಂಭವಾಗುವ ಮುನ್ನ ನಿಮ್ಮ ಪತ್ರಿಕೆಯ ಕಳೆದ ಐದು ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಪ್ರಶ್ನೆಯ ಎದುರಿಗೆ ‘ನೆನಪು’ ಅಥವಾ ‘ಯೋಚನೆ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ‘ಅರ್ಥ ಮತ್ತು ಲಕ್ಷಣಗಳನ್ನು ವಿವರಿಸಿ’ ಎಂಬ ಬಗೆಯ ಪ್ರಶ್ನೆಗಳೇ ತುಂಬಿಕೊಂಡಿದ್ದರೆ, ವಿದ್ಯಾರ್ಥಿಯು ಗೈಡ್ ಕೊಂಡು ಪರೀಕ್ಷೆಯ ಹಿಂದಿನ ವಾರ ಓದುವುದು ಅವನ ಸೋಮಾರಿತನವಲ್ಲ, ಆ ಪತ್ರಿಕೆ ಅವನಿಂದ ಕೇಳುವುದೇ ಅಷ್ಟು ಎಂಬುದು ನಿಮಗೆ ತಿಳಿಯುತ್ತದೆ. ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು, ಆದರೆ ಆಂತರಿಕ ಮೌಲ್ಯಮಾಪನದ ಅಂಕಗಳು ನಿಮ್ಮ ಕೈಯಲ್ಲಿವೆ. ಅಸೈನ್‌ಮೆಂಟ್ ಹೆಸರಿನಲ್ಲಿ ಪಠ್ಯವನ್ನೇ ಹಾಳೆಗಿಳಿಸಿ ತರುವ ಕೆಲಸವನ್ನು ಕೈಬಿಟ್ಟು, ಆ ಅಂಕಗಳನ್ನು ಇಲ್ಲಿ ಹೇಳಲಿರುವ ಕೆಲಸಗಳಿಗೆ ಹಂಚಬೇಕು.

ಜೊತೆಗೆ, ಪ್ರತಿ ಘಟಕಕ್ಕೂ ಒಂದೇ ವಾಕ್ಯ ಬರೆದುಕೊಳ್ಳಿ: ‘ಈ ಘಟಕ ಮುಗಿದಾಗ ವಿದ್ಯಾರ್ಥಿಯು ಇಂಥದ್ದನ್ನು ಮಾಡಬಲ್ಲನು.’ ‘ತಿಳಿಯುತ್ತಾನೆ’, ‘ಪರಿಚಯವಾಗುತ್ತದೆ’ ಎಂಬ ಕ್ರಿಯಾಪದಗಳನ್ನು ಬಳಸಬೇಡಿ, ಏಕೆಂದರೆ ಅವು ಆಗಿವೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಪಿರಿಯಡ್ಡಿನ ನಡುವೆ ಒಂದು ಪ್ರಶ್ನೆ ಇಡಿ

ನಾನು ಅರ್ಥಶಾಸ್ತ್ರ ಕಲಿಸಲು ಆರಂಭಿಸಿದ ಮೊದಲ ವರ್ಷಗಳಲ್ಲಿ ನೋಟ್ಸ್ ಬರೆಸುವುದನ್ನೇ ಪಾಠವೆಂದು ತಿಳಿದಿದ್ದೆ. ತರಗತಿ ಶಾಂತವಾಗಿರುತ್ತಿತ್ತು, ಪಠ್ಯಕ್ರಮ ಸಮಯಕ್ಕೆ ಸರಿಯಾಗಿ ಮುಗಿಯುತ್ತಿತ್ತು, ಫಲಿತಾಂಶವೂ ಚೆನ್ನಾಗಿಯೇ ಇತ್ತು. ಒಮ್ಮೆ ಅಂತಿಮ ವರ್ಷದ ಮೊದಲ ವಾರದಲ್ಲಿ, ಮೊದಲ ವರ್ಷ ನಾನೇ ಕಲಿಸಿದ್ದ ಬೇಡಿಕೆಯ ನಿಯಮದ ಬಗ್ಗೆ ಒಂದು ಸರಳ ಪ್ರಶ್ನೆ ಕೇಳಿದಾಗ, ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪು ಉತ್ತರ ಕೊಟ್ಟರು. ಅವರಲ್ಲಿ ಆ ಪತ್ರಿಕೆಯಲ್ಲಿ ಎಂಬತ್ತಕ್ಕಿಂತ ಹೆಚ್ಚು ಅಂಕ ತೆಗೆದವರೂ ಇದ್ದರು. ಅಂದಿನಿಂದ ನನ್ನ ಪಾಠದ ರೀತಿ ಬದಲಾಯಿತು.

ಆ ಪ್ರಶ್ನೆ ಹೀಗಿತ್ತು: ‘ಮಳೆ ಕೈಕೊಟ್ಟು ಈರುಳ್ಳಿಯ ಬೆಲೆ ಏರಿತು, ಮನೆಮನೆಯಲ್ಲೂ ಈರುಳ್ಳಿ ಕೊಳ್ಳುವ ಪ್ರಮಾಣ ಕಡಿಮೆಯಾಯಿತು. ಇದು ಬೇಡಿಕೆಯ ಇಳಿಕೆಯೋ, ಬೇಡಿಕೆಯ ಸಂಕುಚನವೋ?’ ವ್ಯಾಖ್ಯೆ ಎರಡನ್ನೂ ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ಇಲ್ಲಿ ‘ಇಳಿಕೆ’ ಎನ್ನುತ್ತಾನೆ. ಇಲ್ಲಿ ಬದಲಾಗಿರುವುದು ಬೆಲೆ ಮಾತ್ರ, ಆದ್ದರಿಂದ ಬೆಲೆಗೂ ಕೊಳ್ಳುವ ಪ್ರಮಾಣಕ್ಕೂ ಇರುವ ಸಂಬಂಧವನ್ನು ತೋರಿಸುವ ಬೇಡಿಕೆಯ ರೇಖೆ ತನ್ನ ಜಾಗದಲ್ಲೇ ಇದ್ದು ಅದರ ಮೇಲೆ ನಾವು ಮೇಲಕ್ಕೆ ಸರಿದಿದ್ದೇವೆ, ಅಂದರೆ ಇದು ಸಂಕುಚನ ಎಂಬುದು ಅವನಿಗೆ ಹೊಳೆಯಬೇಕಾದರೆ ಅವನು ಒಮ್ಮೆ ತಪ್ಪು ಹೇಳಿ, ಆ ತಪ್ಪನ್ನು ಪಕ್ಕದವನೆದುರು ಸಮರ್ಥಿಸಲು ಹೋಗಿ ಸಿಕ್ಕಿಕೊಳ್ಳಬೇಕು.

ಇದನ್ನೇ ಕ್ರಮಬದ್ಧವಾಗಿ ಮಾಡಿದವರು ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್. ಸಹಪಾಠಿಗಳೇ ಪರಸ್ಪರ ಕಲಿಸಿಕೊಳ್ಳುವ ಈ ವಿಧಾನವನ್ನು ಅವರು 1990ರ ದಶಕದ ಆರಂಭದಲ್ಲಿ ರೂಪಿಸಿದರು. ನಮ್ಮ ತರಗತಿಗೆ ಅದನ್ನು ಹೀಗೆ ಒಗ್ಗಿಸಿಕೊಳ್ಳಬಹುದು. ಹದಿನೈದು ನಿಮಿಷ ಪಾಠ ಮಾಡಿ, ಮೂರು ಅಥವಾ ನಾಲ್ಕು ಆಯ್ಕೆಗಳಿರುವ ಒಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಎರಡು ನಿಮಿಷ ಯಾರೂ ಮಾತನಾಡದೆ ಯೋಚಿಸಲಿ. ನಂತರ ಎಲ್ಲರೂ ಒಟ್ಟಿಗೆ, ಎದೆಯ ಮಟ್ಟದಲ್ಲಿ, ಒಂದೋ ಎರಡೋ ಮೂರೋ ಬೆರಳು ತೋರಿಸಲಿ. ಹೀಗೆ ಮಾಡಿದರೆ ಹಿಂದಿನ ಬೆಂಚಿನವರು ಮುಂದಿನವರನ್ನು ನೋಡಿ ಉತ್ತರ ಬದಲಿಸಲಾಗುವುದಿಲ್ಲ. ಸರಿಯುತ್ತರ ಶೇಕಡ 30ಕ್ಕಿಂತ ಕಡಿಮೆ ಇದ್ದರೆ ನೀವು ವಿವರಿಸಿದ್ದು ಮುಟ್ಟಿಲ್ಲ, ಮತ್ತೆ ಬೇರೆ ಉದಾಹರಣೆಯೊಂದಿಗೆ ವಿವರಿಸಬೇಕು. ಶೇಕಡ 70ಕ್ಕಿಂತ ಹೆಚ್ಚಿದ್ದರೆ ಮುಂದೆ ಹೋಗಬಹುದು. ಅದರ ನಡುವೆ ಇದ್ದರೆ ಉತ್ತರ ಹೇಳಬೇಡಿ: ಬೇರೆ ಉತ್ತರ ಕೊಟ್ಟ ಪಕ್ಕದವರೊಂದಿಗೆ ಮೂರು ನಿಮಿಷ ವಾದಿಸಲು ಬಿಟ್ಟು, ಮತ್ತೊಮ್ಮೆ ಬೆರಳು ತೋರಿಸಲು ಹೇಳಿ. ಎರಡನೆಯ ಸಲ ಸರಿಯುತ್ತರಗಳ ಸಂಖ್ಯೆ ಏರುವುದನ್ನು ನೀವೇ ಎಣಿಸಬಹುದು. ಇದಕ್ಕೆ ಪ್ರೊಜೆಕ್ಟರ್ ಬೇಡ, ಇಂಟರ್ನೆಟ್ ಬೇಡ, ಎಂಬತ್ತು ಮಂದಿಯ ತರಗತಿಯಲ್ಲೂ ನಡೆಯುತ್ತದೆ.

‘ಹೀಗೆ ಮಾಡುತ್ತಾ ಹೋದರೆ ಪಠ್ಯಕ್ರಮ ಮುಗಿಯುವುದೆಂದು?’ ಎಂಬುದು ಸಹೋದ್ಯೋಗಿಗಳು ಕೇಳುವ ಮೊದಲ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರಿಯ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಅನುತ್ತೀರ್ಣರಾದವರು ಸರಾಸರಿ ಶೇಕಡ 34ರಷ್ಟಿದ್ದರೆ, ವಿದ್ಯಾರ್ಥಿಗಳು ತಾವೇ ಏನಾದರೂ ಮಾಡುತ್ತ ಕಲಿತ ತರಗತಿಗಳಲ್ಲಿ ಶೇಕಡ 22ರಷ್ಟಿದ್ದರು. ಹೇಳಿ ಮುಗಿಸಿದ್ದೆಲ್ಲ ಕಲಿತದ್ದಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆ, ಯಾವ ಭಾಗವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಓದಿಕೊಳ್ಳಬಹುದು ಎಂದು ಆರಿಸುವುದು ಕಷ್ಟವಾಗದು. ವ್ಯಾಖ್ಯೆಗಳು, ಇತಿಹಾಸ, ವರ್ಗೀಕರಣಗಳನ್ನು ಓದಲು ಬಿಡಿ, ವಿದ್ಯಾರ್ಥಿಗಳು ಎಡವುವ ಜಾಗಗಳಿಗೆ ಮಾತ್ರ ತರಗತಿಯ ಸಮಯವನ್ನು ಮೀಸಲಿಡಿ.

ಮೂರನೆಯ ಹೆಜ್ಜೆ: ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಅಭ್ಯಾಸ

ಪಿರಿಯಡ್ಡಿನ ಕೊನೆಯ ಮೂರು ನಿಮಿಷ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಎರಡು ವಾಕ್ಯ ಬರೆಯಲಿ: ಇಂದು ಕಲಿತ ಮುಖ್ಯ ಸಂಗತಿ ಯಾವುದು, ಇನ್ನೂ ಅರ್ಥವಾಗದೆ ಉಳಿದದ್ದು ಯಾವುದು. ಹೆಸರು ಬೇಡ. ಆ ಚೀಟಿಗಳನ್ನು ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ತಿರುವಿ ನೋಡಿದರೆ ಮರುದಿನದ ಪಾಠ ಎಲ್ಲಿಂದ ಆರಂಭವಾಗಬೇಕು ಎಂಬುದು ಗೊತ್ತಾಗುತ್ತದೆ. ಮರುದಿನದ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ ಹಿಂದಿನ ವಾರದ ಎರಡು ಪ್ರಶ್ನೆ ಕೇಳಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ಓದುವುದನ್ನು ನಿಲ್ಲಿಸಿ ನೆನಪಿನಿಂದ ಬರೆದು ನೋಡಿದ್ದವರು ಅವರನ್ನು ದಾಟಿ ಮುಂದೆ ಹೋಗಿದ್ದರು. ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಈ ಕಿರುಪರೀಕ್ಷೆಗಳನ್ನು ಅವರು ಶಿಕ್ಷೆಯೆಂದು ಭಾವಿಸುತ್ತಾರೆ.

ನಾಲ್ಕನೆಯ ಹೆಜ್ಜೆ: ಭಾಷೆಯ ಅಡ್ಡಗೋಡೆ

ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಪದವಿಯಲ್ಲಿ ಇಂಗ್ಲಿಷಿನಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುವ ವಿದ್ಯಾರ್ಥಿನಿಯು ತರಗತಿಯಲ್ಲಿ ಬಾಯಿ ಬಿಡದಿರುವುದನ್ನು ಅವಳ ಬುದ್ಧಿಯ ಕೊರತೆಯೆಂದು ಎಣಿಸುವ ತಪ್ಪು ನಮ್ಮಲ್ಲಿ ಬಹಳ ನಡೆಯುತ್ತಿದೆ, ಮತ್ತು ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿ. ಚರ್ಚೆ ಕನ್ನಡದಲ್ಲೇ ನಡೆಯಲಿ, ಪಾರಿಭಾಷಿಕ ಪದಗಳು ಮಾತ್ರ ಎರಡೂ ಭಾಷೆಯಲ್ಲಿ ಬೋರ್ಡಿನ ಬಲಬದಿಯಲ್ಲಿ ಪಿರಿಯಡ್ ಮುಗಿಯುವವರೆಗೂ ಉಳಿದಿರಲಿ. ಬರವಣಿಗೆ ಇಂಗ್ಲಿಷಿನಲ್ಲೇ ಆಗಬೇಕಾದ ವಿಷಯಗಳಲ್ಲೂ, ಮೊದಲ ಕರಡನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ ವಿದ್ಯಾರ್ಥಿಯ ಯೋಚನೆ ಎಲ್ಲಿ ದಾರಿ ತಪ್ಪಿದೆ, ಭಾಷೆ ಎಲ್ಲಿ ತಪ್ಪಿದೆ ಎಂಬುದನ್ನು ನೀವು ಬೇರೆ ಬೇರೆಯಾಗಿ ನೋಡಬಲ್ಲಿರಿ.

ಐದನೆಯ ಹೆಜ್ಜೆ: ಆನರ್ಸ್ ಬಳಗಕ್ಕೆ ಆಯ್ಕೆ

ಇಷ್ಟು ಕೆಲಸ ಎಲ್ಲ ವಿದ್ಯಾರ್ಥಿಗಳಿಗೂ ಸೇರಿದ್ದು. ಇನ್ನು ಮುಂದಿನದು, ಎರಡನೆಯ ವರ್ಷದ ಕೊನೆಯಲ್ಲಿ ಆರಂಭವಾಗಿ ಮೂರನೆಯ ವರ್ಷದಲ್ಲಿ ಮುಗಿಯುವ, ಎಂಟರಿಂದ ಹತ್ತು ಮಂದಿಯ ಬಳಗಕ್ಕೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಕಲಿಕೆಯ ಹೊರೆಯ ಅಳತೆ), ನಾಲ್ಕು ವರ್ಷದ ಆನರ್ಸ್‌ಗೆ 160 ಕ್ರೆಡಿಟ್ ಎಂದಿದೆ. ಸಂಶೋಧನೆಯೊಂದಿಗಿನ ಆನರ್ಸ್ ಬೇಕೆನ್ನುವವರು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಂಕ ಪಡೆದಿರಬೇಕು ಮತ್ತು 12 ಕ್ರೆಡಿಟ್ಟಿನ ಸಂಶೋಧನಾ ಕೆಲಸ ಮಾಡಬೇಕು. ನಿಮ್ಮ ಬಳಗ ಪದವಿ ಪತ್ರದಲ್ಲಿ ಕಾಣುವಂಥದ್ದಲ್ಲವಾದ್ದರಿಂದ ಅಂಕದ ಆ ಗೆರೆಗೆ ನೀವು ಕಟ್ಟುಬೀಳಬೇಕಾಗಿಲ್ಲ. ಅಂಕಪಟ್ಟಿಯ ಬದಲು ಒಂದು ಪುಟದ ಬರಹ ಕೇಳಿ: ‘ನಿಮ್ಮ ಊರಿನಲ್ಲಿ ನಿಮಗೆ ಅರ್ಥವಾಗದ, ಆದರೆ ಅರ್ಥಮಾಡಿಕೊಳ್ಳಬೇಕೆನಿಸುವ ಸಂಗತಿ ಯಾವುದು?’ ಈ ಬರಹಗಳನ್ನು ಓದುವಾಗ ಭಾಷೆಯ ಸೊಗಸಿಗಿಂತ, ಕಂಡದ್ದನ್ನು ಕಂಡಂತೆ ಹೇಳಿರುವರೇ ಎಂಬುದನ್ನು ನೋಡಿ. ಕಾಲೇಜು ಬಿಟ್ಟೊಡನೆ ಕೊನೆಯ ಬಸ್ಸು ಹಿಡಿಯಬೇಕಾದವರು, ಬೆಳಗ್ಗೆ ಅಂಗಡಿಯಲ್ಲಿ ಕೆಲಸ ಮಾಡಿ ಬರುವವರು ಬಳಗದಿಂದ ಹೊರಗುಳಿಯದಂತೆ ಸಭೆಯ ಹೊತ್ತನ್ನು ಮಧ್ಯಾಹ್ನದ ಬಿಡುವಿನ ಪಿರಿಯಡ್ಡಿಗೆ ಗೊತ್ತುಮಾಡಿ.

ಆರನೆಯ ಹೆಜ್ಜೆ: ವಾರಕ್ಕೊಂದು ಗೋಷ್ಠಿ

ವಾರಕ್ಕೊಮ್ಮೆ ಒಂದೂವರೆ ಗಂಟೆ, ಬೆಂಚುಗಳನ್ನು ಎದುರುಬದುರು ತಿರುಗಿಸಿ ಕುಳಿತುಕೊಳ್ಳಿ. ಆ ವಾರ ಓದಬೇಕಾದ ಹತ್ತು ಹದಿನೈದು ಪುಟಗಳನ್ನು ಮೊದಲೇ ಜೆರಾಕ್ಸ್ ಮಾಡಿಸಿ ಹಂಚಿರಬೇಕು. ಒಬ್ಬ ವಿದ್ಯಾರ್ಥಿ ಆ ಓದಿನ ಬಗ್ಗೆ ಎರಡು ಪುಟ ಬರೆದು ತಂದು ಓದುತ್ತಾನೆ, ಇನ್ನೊಬ್ಬಳು ಅದನ್ನು ಪ್ರಶ್ನಿಸುವ ಹೊಣೆ ಹೊತ್ತಿರುತ್ತಾಳೆ, ಉಳಿದವರು ಸೇರಿಕೊಳ್ಳುತ್ತಾರೆ. ಅಧ್ಯಾಪಕರು ಮೊದಲ ನಲವತ್ತು ನಿಮಿಷ ಬಾಯಿ ತೆರೆಯಬಾರದು. ಈ ನಿಯಮ ಪಾಲಿಸುವುದು ವಿದ್ಯಾರ್ಥಿಗಳಿಗಿಂತ ನಮಗೇ ಕಷ್ಟ, ಏಕೆಂದರೆ ಮೌನ ಬಿದ್ದಾಗ ಅದನ್ನು ತುಂಬುವುದು ನಮ್ಮ ವೃತ್ತಿಯ ಅಭ್ಯಾಸವಾಗಿಬಿಟ್ಟಿದೆ. ಆದರೆ ನೀವು ಮಾತನಾಡಿದ ಕ್ಷಣವೇ ಅದು ಗೋಷ್ಠಿಯಾಗಿ ಉಳಿಯದೆ ತರಗತಿಯಾಗುತ್ತದೆ.

ಏಳನೆಯ ಹೆಜ್ಜೆ: ಪ್ರಶ್ನೆಯನ್ನು ಕಿರಿದುಗೊಳಿಸುವುದು

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ. ವಿದ್ಯಾರ್ಥಿಗಳು ಮೊದಲು ತರುವ ವಿಷಯ ‘ಕರ್ನಾಟಕದಲ್ಲಿ ಕೃಷಿ ಮಾರುಕಟ್ಟೆಯ ಸಮಸ್ಯೆಗಳು’ ಎಂಬಂತಿರುತ್ತದೆ. ಅದನ್ನು ತಿರಸ್ಕರಿಸದೆ, ‘ಈ ಸಮಸ್ಯೆಯನ್ನು ನೀವು ಎಲ್ಲಿ ಕಂಡಿರಿ?’ ಎಂದು ಕೇಳಿ. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯಾಗಿದ್ದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಮಾತು ಬರುತ್ತದೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ಅಲ್ಲಿ ರೈತರ ಆಕ್ರೋಶ ಭುಗಿಲೆದ್ದದ್ದನ್ನು ಅವನು ಹತ್ತಿರದಿಂದ ಕಂಡಿರುತ್ತಾನೆ. ‘ಆ ದಿನ ಮಾರದೆ ಉಳಿಸಿಕೊಂಡವರು ಏನು ಮಾಡಿದರು?’ ಎಂದು ಮುಂದುವರಿಸಿದರೆ ಶೀತಲಗೃಹದ ಸುದ್ದಿ ಬರುತ್ತದೆ. ಹೀಗೆ ಮೂರು ನಾಲ್ಕು ಸಭೆಗಳ ನಂತರ ಪ್ರಶ್ನೆ ಈ ರೂಪಕ್ಕೆ ಇಳಿಯುತ್ತದೆ: ‘ನಮ್ಮ ಊರಿನ ಹದಿನೈದು ಕುಟುಂಬಗಳಲ್ಲಿ, ಕೊಯ್ಲಾದ ಕೂಡಲೇ ಮೆಣಸಿನಕಾಯಿ ಮಾರಿದವರಿಗೂ ಶೀತಲಗೃಹದಲ್ಲಿಟ್ಟು ಮಾರಿದವರಿಗೂ, ಬಾಡಿಗೆ, ಸಾಗಣೆ ಮತ್ತು ಸಾಲದ ಬಡ್ಡಿ ಕಳೆದು ಕೈಗೆ ಉಳಿದ ಹಣದಲ್ಲಿ ಕಳೆದ ಮೂರು ಹಂಗಾಮುಗಳಲ್ಲಿ ಎಷ್ಟು ವ್ಯತ್ಯಾಸವಿತ್ತು?’ ಇದಕ್ಕೆ ಉತ್ತರ ಯಾವ ಗೈಡಿನಲ್ಲೂ ಇಲ್ಲ, ಮತ್ತು ಒಬ್ಬ ಪದವಿ ವಿದ್ಯಾರ್ಥಿ ಆರು ತಿಂಗಳಲ್ಲಿ ಇದನ್ನು ಮಾಡಿ ಮುಗಿಸಬಲ್ಲನು.

ಬೇರೆ ವಿಷಯಗಳಲ್ಲೂ ದಾರಿ ಇದೇ. ಇತಿಹಾಸದ ವಿದ್ಯಾರ್ಥಿನಿಯು ತನ್ನ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟದಲ್ಲಿ ಓದಿಕೊಂಡು, ಆ ಕಲ್ಲುಗಳು ಇಂದು ಎಲ್ಲಿ, ಯಾವ ಸ್ಥಿತಿಯಲ್ಲಿವೆ ಎಂದು ಊರೂರು ಸುತ್ತಿ ದಾಖಲಿಸಬಹುದು. ಪಾವಗಡದ ಕಡೆಯ ರಸಾಯನಶಾಸ್ತ್ರದ ವಿದ್ಯಾರ್ಥಿಯು ಇಪ್ಪತ್ತು ಕೊಳವೆಬಾವಿಗಳ ನೀರಿನ ಫ್ಲೋರೈಡನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರವೊಮ್ಮೆ ಅಳೆದು, ಲೀಟರಿಗೆ 1 ಮಿಲಿಗ್ರಾಂ ಎಂಬ ಭಾರತೀಯ ಮಾನಕದೊಂದಿಗೆ ಹೋಲಿಸಬಹುದು.

ಪ್ರಶ್ನೆ ಸಿದ್ಧವಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ: ‘ನಿಮ್ಮ ಊಹೆ ತಪ್ಪೆಂದು ತೋರಿಸಬಲ್ಲ ಆಧಾರ ಯಾವುದು?’ ಎಂಬುದಕ್ಕೆ ವಿದ್ಯಾರ್ಥಿ ಉತ್ತರಿಸಬಲ್ಲನಾದರೆ ಮುಂದೆ ಹೋಗಬಹುದು, ಇಲ್ಲದಿದ್ದರೆ ಇನ್ನೊಂದು ಸಭೆ ಬೇಕು.

ಎಂಟನೆಯ ಹೆಜ್ಜೆ: ಆಕರಗಳು ಮತ್ತು ದಿನಚರಿ ಪುಸ್ತಕ

ದೊಡ್ಡ ಗ್ರಂಥಾಲಯವಿಲ್ಲದ ಕಾಲೇಜುಗಳೂ ಈಗ ಕೈಕಟ್ಟಿ ಕೂರಬೇಕಾಗಿಲ್ಲ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದ ಪ್ರಬಂಧಗಳೂ ಅಲ್ಲಿವೆ. ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆ, ಪುಸ್ತಕಗಳನ್ನು ಒದಗಿಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ನಿಮ್ಮ ಕಾಲೇಜಿಗಿದ್ದರೆ ವಿದ್ವತ್ ಪತ್ರಿಕೆಗಳನ್ನೂ ತೆರೆದು ಓದಬಹುದು. ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆದುಕೊಳ್ಳಿ. ಮಾರುಕಟ್ಟೆ ದರಗಳಿಗೆ ಅಗ್‌ಮಾರ್ಕ್‌ನೆಟ್ ಮತ್ತು ಕೃಷಿ ಮಾರಾಟ ವಾಹಿನಿ ಎಂಬ ಸರ್ಕಾರಿ ಜಾಲತಾಣಗಳು, ಊರಿನ ಜನಸಂಖ್ಯೆಗೆ 2011ರ ಜನಗಣತಿಯ ಗ್ರಾಮವಾರು ಪಟ್ಟಿಗಳು ನೆರವಾಗುತ್ತವೆ.

ಪ್ರತಿ ವಿದ್ಯಾರ್ಥಿಗೂ ಇನ್ನೂರು ಪುಟದ ಒಂದು ನೋಟ್‌ಬುಕ್ ಇರಬೇಕು. ಯಾವ ದಿನ ಎಲ್ಲಿಗೆ ಹೋದೆ, ಯಾರನ್ನು ಏನು ಕೇಳಿದೆ, ಏನು ಹೇಳಿದರು, ನನಗೆ ಏನನ್ನಿಸಿತು ಎಂಬುದನ್ನು ಕೈಬರಹದಲ್ಲಿ ಅಂದೇ ಬರೆಯಬೇಕು, ನೀವು ವಾರಕ್ಕೊಮ್ಮೆ ನೋಡಿ ಸಹಿ ಹಾಕಬೇಕು. ಇಂಟರ್ನೆಟ್ಟಿನಿಂದ ಎತ್ತಿದ ಅಥವಾ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಪ್ರಬಂಧಗಳ ಹಾವಳಿಗೆ ನಾನು ಕಂಡ ಅತ್ಯುತ್ತಮ ಉಪಾಯ ಯಾವ ತಂತ್ರಾಂಶವೂ ಅಲ್ಲ, ಈ ನೋಟ್‌ಬುಕ್ಕೇ. ಮಾತನಾಡಿಸಿದ ರೈತರ ಹೆಸರುಗಳನ್ನು ಪ್ರಬಂಧದಲ್ಲಿ ಹಾಕಬಾರದು, ಅವರ ಒಪ್ಪಿಗೆಯಿಲ್ಲದೆ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬಾರದು ಎಂಬುದನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿ.

ಒಂಬತ್ತನೆಯ ಹೆಜ್ಜೆ: ಬರವಣಿಗೆಯನ್ನು ಕೊನೆಗೆ ಬಿಡಬೇಡಿ

ಐದನೆಯ ಸೆಮಿಸ್ಟರಿನ ನಾಲ್ಕನೆಯ ವಾರಕ್ಕೆ ಪ್ರಶ್ನೆ, ಹತ್ತನೆಯ ವಾರಕ್ಕೆ ಓದಿನ ಆಧಾರದ ಮೇಲೆ ಐದು ಪುಟ, ರಜೆಯಲ್ಲಿ ಕ್ಷೇತ್ರಕಾರ್ಯ, ಆರನೆಯ ಸೆಮಿಸ್ಟರಿನ ಆರನೆಯ ವಾರಕ್ಕೆ ಪೂರ್ತಿ ಕರಡು, ಹನ್ನೊಂದನೆಯ ವಾರಕ್ಕೆ ಅಂತಿಮ ಪ್ರತಿ. ಮೂವತ್ತರಿಂದ ನಲವತ್ತು ಪುಟ ಸಾಕು. ಕರಡು ತಿದ್ದುವಾಗ ಕಾಗುಣಿತದಿಂದ ಆರಂಭಿಸಬೇಡಿ. ‘ಇದು ನಿಮಗೆ ಹೇಗೆ ಗೊತ್ತು?’ ಎಂಬ ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬೇಕಾದ ಕಡೆಯೆಲ್ಲ ಬರೆಯಿರಿ.

ಹತ್ತನೆಯ ಹೆಜ್ಜೆ: ಹೊರಗಿನವರೊಬ್ಬರು ಓದಲಿ

ಐಡೆಲಾಟ್ ಅವರ ಪದ್ಧತಿಯಿಂದ ನಾವು ಕಲಿಯಬೇಕಾದ ಅತಿ ದೊಡ್ಡ ಪಾಠ ಇದು. ಮಾರ್ಗದರ್ಶನ ಮಾಡಿದವರೇ ಅಂಕ ಹಾಕಿದರೆ ಗುರುಶಿಷ್ಯರ ನಡುವೆ ಒಂದು ಸಣ್ಣ ಭಯ ಉಳಿದೇ ಇರುತ್ತದೆ. ಹೊರಗಿನವರು ಪರೀಕ್ಷಕರಾದಾಗ ಅಧ್ಯಾಪಕರು ಪೂರ್ತಿಯಾಗಿ ವಿದ್ಯಾರ್ಥಿಯ ಪಕ್ಷದಲ್ಲಿ ನಿಲ್ಲಬಹುದು. ಪಕ್ಕದ ತಾಲ್ಲೂಕಿನ ಕಾಲೇಜಿನ ಸಹೋದ್ಯೋಗಿಯೊಬ್ಬರೊಂದಿಗೆ ಒಪ್ಪಂದ ಮಾಡಿಕೊಳ್ಳಿ: ಅವರ ವಿದ್ಯಾರ್ಥಿಗಳ ಪ್ರಬಂಧ ನೀವು ಓದಿ, ನಿಮ್ಮವರದನ್ನು ಅವರು ಓದಲಿ. ಮೌಖಿಕ ಪರೀಕ್ಷೆ ಅರ್ಧ ಗಂಟೆ ನಡೆಯಲಿ, ಮತ್ತು ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯದೆ, ಎರಡನೆಯ ವರ್ಷದ ವಿದ್ಯಾರ್ಥಿಗಳೂ ಸಾಧ್ಯವಾದರೆ ಮನೆಯವರೂ ಕುಳಿತು ಕೇಳುವಂತಿರಲಿ. ಮೆಣಸಿನಕಾಯಿಯ ಲೆಕ್ಕವನ್ನು ಮಗಳು ಅಂಕಿಅಂಶ ಸಮೇತ ವಿವರಿಸುವುದನ್ನು ಹಿಂದಿನ ಸಾಲಿನಲ್ಲಿ ಕುಳಿತ ತಂದೆ ಕೇಳುವ ಆ ಅರ್ಧ ಗಂಟೆಗಾಗಿ ಇಡೀ ವರ್ಷದ ಶ್ರಮ ಸಾರ್ಥಕ ಎಂದು ನಾನು ಮನಸಾರೆ ನಂಬಿದ್ದೇನೆ.

ಕಾರ್ಯಭಾರದ ಮಾತು

ಸಹಾಯಕ ಪ್ರಾಧ್ಯಾಪಕರಿಗೆ ಅನುದಾನ ಆಯೋಗದ ನಿಯಮದಂತೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯಿದೆ. ಈ ಬಳಗದ ಗೋಷ್ಠಿಯ ಒಂದೂವರೆ ಗಂಟೆಯನ್ನು ವೇಳಾಪಟ್ಟಿಯಲ್ಲಿ ಅಧಿಕೃತವಾಗಿ ಸೇರಿಸಿಕೊಡಲು ಪ್ರಾಂಶುಪಾಲರಿಗೆ ಲಿಖಿತವಾಗಿ ಮನವಿ ಮಾಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವೇಳೆ ಕಾಲೇಜಿಗೆ ತೋರಿಸಲು ನಿಜವಾದ ಕೆಲಸವೊಂದು ಇರುತ್ತದೆ ಎಂಬುದನ್ನೂ ಆ ಮನವಿಯಲ್ಲಿ ನಮೂದಿಸಿ. ಅತಿಥಿ ಉಪನ್ಯಾಸಕರ ಹೆಗಲಿಗೆ ಇದನ್ನು ಸಂಭಾವನೆಯಿಲ್ಲದ ಹೆಚ್ಚುವರಿ ಹೊರೆಯಾಗಿ ಹೊರಿಸುವುದು ಅನ್ಯಾಯ, ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಕೊನೆಯ ಹೆಜ್ಜೆ: ಪ್ರಬಂಧ ಗ್ರಂಥಾಲಯ ಸೇರಲಿ

ಮೌಲ್ಯಮಾಪನ ಮುಗಿದ ಪ್ರಬಂಧಗಳನ್ನು ವಿಭಾಗದ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಪ್ರತಿಯೊಂದಕ್ಕೂ ಗ್ರಂಥಾಲಯದ ಪರಿಗ್ರಹಣ ಸಂಖ್ಯೆ ಹಾಕಿಸಿ, ಇತರ ಪುಸ್ತಕಗಳ ಜೊತೆ ಕಪಾಟಿನಲ್ಲಿಡಿಸಿ, ಒಂದು ಪ್ರತಿಯನ್ನು ಅಧ್ಯಯನ ನಡೆದ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳುಹಿಸಿ. ಪ್ರತಿ ಪ್ರಬಂಧದ ಕೊನೆಯಲ್ಲಿ ‘ಉತ್ತರ ಸಿಗದೆ ಉಳಿದ ಪ್ರಶ್ನೆಗಳು’ ಎಂಬ ಒಂದು ಪುಟ ಕಡ್ಡಾಯವಾಗಿರಬೇಕು. ಮುಂದಿನ ವರ್ಷದ ಬಳಗ ಮೊದಲ ಸಲ ಸೇರಿದಾಗ, ಬೇರೆ ಯಾವುದನ್ನೂ ಹಂಚದೆ, ಆ ಪುಟಗಳನ್ನೇ ಜೆರಾಕ್ಸ್ ಮಾಡಿಸಿ ಅವರ ಕೈಗೆ ಕೊಟ್ಟು ಓದಲು ಹೇಳಿ.